ಅಗಲ ಬೇರೆ, ಬಿಗಿ ಬೇರೆ: ಆಲ್ಟಾದಲ್ಲಿ ದಿನಕ್ಕೊಂದು ಸ್ಕೀ

ಬುಧವಾರ

ಯೂಟಾದ ಸಾಲ್ಟ್ ಲೇಕ್ ಸಿಟಿಯಲ್ಲಿ ಇಳಿದಾಗ ಹೆಗಲಿಗೆ ಬೂಟಿನ ಚೀಲ ಮಾತ್ರ. ಸ್ಕೀ ಮಿನೆಸೋಟದ ಮನೆಯ ಗ್ಯಾರೇಜಿನಲ್ಲೇ ಉಳಿದಿತ್ತು. ಬೂಟು ಪಾದಕ್ಕೆ ಸರಿಯಾಗಿ ಕೂರಲು ಒಂದೆರಡು ಸೀಸನ್ ಹಿಡಿಯುತ್ತದೆ, ಅದನ್ನು ಬಾಡಿಗೆಗೆ ತರುವ ಮಾತಿಲ್ಲ. ಲಗೇಜಿಗೆ ಹಾಕಿ ಕಳೆದುಕೊಳ್ಳುವ ಧೈರ್ಯವೂ ನನಗಿಲ್ಲ. ವಿಮಾನದಲ್ಲಿ ಅದು ಕಾಲಬುಡದಲ್ಲೇ ಇರುತ್ತದೆ. ಸ್ಕೀ ಮಾತ್ರ ಈ ಸಲ ಇಲ್ಲಿಯ ಅಂಗಡಿಗಳಲ್ಲಿ ಡೆಮೊ, ಅಂದರೆ ಪರೀಕ್ಷೆಗೆ ಕೊಡುವ ಬಾಡಿಗೆ ಸ್ಕೀ, ತೆಗೆದುಕೊಂಡು, ಬದಲಿಸಿ ಬದಲಿಸಿ ನೋಡಿ, ಹಿಡಿಸಿದರೆ ಒಂದನ್ನು ಕೊಳ್ಳುವುದು ಅಂತ ಲೆಕ್ಕ.

ಈ ಲೆಕ್ಕ ಹಾಕಿಸಿದವನು ನನ್ನ ಚಿಕ್ಕಪ್ಪನ ಮಗ. ಸ್ಯಾಂಡಿಯಲ್ಲಿ ಅವನ ಮನೆ. ಅಲ್ಲಿಂದ ಲಿಟಲ್ ಕಾಟನ್‌ವುಡ್ ಕಣಿವೆಯ ಬಾಯಿಗೆ ಹತ್ತು ನಿಮಿಷ. ಆಲ್ಟಾ ಎಂಬ ಸ್ಕೀ ತಾಣ ಇರುವುದು ಆ ಕಣಿವೆಯಲ್ಲೇ. ಮನೆ ಕೊಳ್ಳುವಾಗ ಸ್ಕೂಲು ನೋಡದೆ ಹಿಮ ನೋಡಿದ ಅಂತ ಅವನ ಹೆಂಡತಿ ಈಗಲೂ ಆಡಿಕೊಳ್ಳುತ್ತಾಳೆ. ಪ್ರತಿ ಚಳಿಗಾಲ ನನ್ನ ಸ್ಕೀ ನೋಡಿ ಅವನದು ಒಂದೇ ಮಾತು: "ಅಣ್ಣಾ, ಆ ಸಪೂರದ್ದನ್ನ ಕಟ್ಕೊಂಡು ಇಲ್ಲಿಗೆ ಯಾಕೆ ಬರ್ತೀಯ ಮಾರಾಯ?"

ನನ್ನದರ ನಡುವಿನ ಅಗಲ 72 ಮಿಲಿಮೀಟರ್, ಉದ್ದ 165 ಸೆಂಟಿಮೀಟರ್. ಅಂಥದ್ದಕ್ಕೆ ಕಾರಣವಿದೆ. ನಾನು ಸ್ಕೀ ಕಲಿತದ್ದು ಮಿನ್ನಿಯಾಪೊಲಿಸ್ ಪಕ್ಕದ ಬಕ್ ಹಿಲ್‌ನಲ್ಲಿ. ಗುಡ್ಡದ ಎತ್ತರ ಸುಮಾರು 300 ಅಡಿ, ಅಷ್ಟೇ. ಆಫೀಸು ಮುಗಿಸಿ ಸಂಜೆ ದೀಪದ ಬೆಳಕಿನಲ್ಲಿ ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಒಲಿಂಪಿಕ್ ಚಿನ್ನ ಗೆದ್ದ ಸ್ಕೀ ರೇಸರ್ ಲಿಂಡ್ಸಿ ವಾನ್ ಬೆಳೆದದ್ದು ಅದೇ ಗುಡ್ಡದಲ್ಲಿ, ಎರಿಕ್ ಸೈಲರ್ ಎಂಬ ಕೋಚ್ ಕೈಯಲ್ಲಿ. ಅಲ್ಲಿಯದು ಯಂತ್ರದಿಂದ ಉಗುಳಿಸಿದ ಹಿಮ. ಜನವರಿಯ ಚಳಿಗೆ ಅದು ಗಟ್ಟಿಯಾಗಿ ಮಂಜುಗಡ್ಡೆಯೇ ಆಗಿರುತ್ತದೆ. ಅಂಥಲ್ಲಿ ಬೇಕಾದ್ದು ಸ್ಕೀಯ ಅಂಚಿನಲ್ಲಿ ಹರಿತ ಉಕ್ಕಿನ ಎಡ್ಜು, ಒಂದು ಮಗ್ಗುಲಿನಿಂದ ಇನ್ನೊಂದಕ್ಕೆ ಚಟ್ಟನೆ ಹೊರಳುವ ಸ್ಕೀ. ಅಗಲದ್ದು ಅಲ್ಲಿ ಯಾರಿಗೂ ಬೇಡ.

ಯೂಟಾದ ಹಿಮ ಬೇರೆ ಜಾತಿಯದು. ಇಲ್ಲಿಗೆ ಬಂದಾಗಲೆಲ್ಲ ಹೊಸ ಹಿಮದಲ್ಲಿ ನನ್ನ ಸ್ಕೀ ಮೊಣಕಾಲುದ್ದ ಮುಳುಗುತ್ತಿತ್ತು. ತಮ್ಮ ಮೇಲೆ ತೇಲಿಕೊಂಡು ಹೋಗಿ ಕೆಳಗೆ ಕಾಯುತ್ತಿದ್ದ. ತಂತ್ರ ಗೊತ್ತಿದ್ದರೆ ಸಪೂರ ಸ್ಕೀಯಲ್ಲೂ ಪೌಡರ್, ಅಂದರೆ ತುಳಿಯದ ಪುಡಿಹಿಮ, ಇಳಿಯಬಹುದು, ಇಳಿದಿದ್ದೇನೆ. ತೊಡೆ ಮಾತ್ರ ಮಧ್ಯಾಹ್ನಕ್ಕೇ ಮುಷ್ಕರ ಹೂಡುತ್ತದೆ.

ರಾತ್ರಿ ಊಟಕ್ಕೆ ಕೂತಾಗ ಮಾತು ಶುರುವಾಯಿತು. "ಅಗಲ, ಬಿಗಿ, ಉದ್ದ. ಮೂರೂ ಬೇಕು," ಅಂದ ತಮ್ಮ. ಬಿಗಿ ಅಂದರೆ ಸ್ಕೀ ಸುಲಭಕ್ಕೆ ಬಗ್ಗದಿರುವುದು. ಮೂರೂ ಒಟ್ಟಿಗೆ ಯಾಕೆ ಬೇಕು ಅಂತ ನಾನು ಕೇಳಿದೆ. ಅಂಗಡಿಯವರು ಇವನ್ನು ಒಂದೇ ಗಂಟಿನಲ್ಲಿ ಕಟ್ಟಿ ಮಾರುತ್ತಾರೆ: ಬಿಗಿಯಾದದ್ದು ಕೇಳಿದರೆ ಅಗಲದ್ದನ್ನೂ, ಅಗಲದ್ದು ಕೇಳಿದರೆ ಉದ್ದದ್ದನ್ನೂ ಕೈಗಿಡುತ್ತಾರೆ. ಯಾವುದರಿಂದ ಏನು ಸಿಗುತ್ತದೆ ಅಂತ ಬಿಡಿಸಿ ನೋಡುವುದೇ ನನ್ನ ಆಸೆಯಾಗಿತ್ತು.

ಗುರುವಾರ

ಬೆಳಿಗ್ಗೆ ಏಳೂವರೆಗೆ ಅಂಗಡಿ. ಹುಡುಗ ನನ್ನ ತೂಕ, ಎತ್ತರ, ವಯಸ್ಸು ಕೇಳಿದ; ಬೂಟಿನ ಹಿಮ್ಮಡಿಯ ಮೇಲೆ ಅಚ್ಚಾಗಿರುವ ಸೋಲ್ ಉದ್ದ ಓದಿಕೊಂಡ; ಎಷ್ಟು ಜೋರಾಗಿ ಇಳಿಯುತ್ತೀರಿ ಅಂತ ವಿಚಾರಿಸಿ, ಬೂಟನ್ನು ಸ್ಕೀಗೆ ಕಚ್ಚಿಸುವ ಬೈಂಡಿಂಗಿನ ಡಿನ್ ಸಂಖ್ಯೆ ತಿರುಗಿಸಿದ. ಬಿದ್ದಾಗ ಬೂಟು ಎಷ್ಟು ಒತ್ತಡಕ್ಕೆ ಕಳಚಬೇಕು ಅನ್ನುವುದನ್ನು ನಿರ್ಧರಿಸುವುದು ಆ ಸಂಖ್ಯೆ. ಡೆಮೊ ಬೈಂಡಿಂಗ್ ಹಳಿಯ ಮೇಲೆ ಹಿಂದೆ ಮುಂದೆ ಸರಿಯುವಂಥದ್ದು, ಯಾರ ಬೂಟಿಗಾದರೂ ಹೊಂದಿಸಬಹುದು. ಆದರೆ ಅದು ಮಾಮೂಲಿಗಿಂತ ಭಾರ. ಡೆಮೊ ಹಾಕಿ "ಈ ಸ್ಕೀ ಯಾಕೋ ಭಾರ" ಅನ್ನುವವರು ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ಮೊದಲು ತೆಗೆದುಕೊಂಡದ್ದು 104 ಮಿಲಿಮೀಟರ್ ಅಗಲದ್ದು, ಉದ್ದ 179, ಒಳಗೆ ಟೈಟಾನಲ್‌ನ ಎರಡು ಹಾಳೆ. ಅನೇಕ ಸ್ಕೀಗಳ ಹೆಸರಿನ ಬಾಲದಲ್ಲಿ 'ಟಿಐ' ಅಂತ ಇರುವುದರಿಂದ ಒಳಗೆ ಟೈಟಾನಿಯಂ ಇದೆ ಅಂತ ಜನ ನಂಬುತ್ತಾರೆ. ಟೈಟಾನಲ್ ಅಂದರೆ ಆಸ್ಟ್ರಿಯಾದ ಆಮಾಗ್ ಕಂಪನಿ ತಯಾರಿಸುವ ಅಲ್ಯೂಮಿನಿಯಂ ಮಿಶ್ರಲೋಹ. ಅರ್ಧ ಮಿಲಿಮೀಟರಿಗೂ ತೆಳುವಾದ ಹಾಳೆ. ಮರದ ತಿರುಳಿನ ಮೇಲೊಂದು ಕೆಳಗೊಂದು ಅಂಟಿಸಿದರೆ ಸ್ಕೀ ಬಿಗಿಯಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ನಡುಕ ಹೀರಿಕೊಳ್ಳುತ್ತದೆ. ಸ್ಕೀಯ ಬಾಲ ನೆಲಕ್ಕೂರಿ, ಒಂದು ಕೈಯಲ್ಲಿ ತುದಿ ಹಿಡಿದು, ಇನ್ನೊಂದು ಅಂಗೈಯಲ್ಲಿ ನಡುವನ್ನು ಒತ್ತಿದೆ. ನನ್ನ ಹಳೆಯದು ಬಿಲ್ಲಾಗಿ ಬಗ್ಗುತ್ತದೆ. ಇದು ಬೆರಳಗಲ ಬಗ್ಗಿ ನಿಂತಿತು.

ಆಲ್ಟಾದ ಬುಡವೇ 8,530 ಅಡಿ. ಮೊದಲ ದಿನ ಬೂಟಿನ ಕೊಂಡಿ ಹಾಕುವಷ್ಟರಲ್ಲೇ ಏದುಸಿರು. ಇಲ್ಲಿ ಸ್ನೋಬೋರ್ಡಿಗೆ ಪ್ರವೇಶವಿಲ್ಲ. ಅಮೆರಿಕದಲ್ಲಿ ಹಾಗೆ ಉಳಿದಿರುವುದು ಇದು, ಇದೇ ಯೂಟಾದ ಡಿಯರ್ ವ್ಯಾಲಿ, ವರ್ಮಾಂಟಿನ ಮ್ಯಾಡ್ ರಿವರ್ ಗ್ಲೆನ್, ಮೂರೇ. ನನಗೆ ಆ ನಿಯಮದ ಮೇಲೆ ವಿಶೇಷ ಪ್ರೀತಿಯೇನಿಲ್ಲ, ಆದರೆ ಅಡ್ಡಹಾದಿಗಳು ಕೊಚ್ಚಿಹೋಗದೆ ನಯವಾಗಿ ಉಳಿಯುತ್ತವೆ ಅನ್ನುವುದು ನಿಜ.

ವಾರದಿಂದ ಹಿಮ ಬಿದ್ದಿರಲಿಲ್ಲ. ರಾತ್ರಿ ಯಂತ್ರ ಎಳೆದು ಸಮ ಮಾಡಿದ ಇಳಿಜಾರುಗಳು, ಅಂದರೆ ಗ್ರೂಮರ್‌ಗಳು, ಗಟ್ಟಿ, ಗೆರೆಗೆರೆ. ಕಾಲಿನ್ಸ್ ಲಿಫ್ಟಿನ ನೆತ್ತಿಯಿಂದ ಮ್ಯಾಂಬೊ ಎಂಬ ಇಳಿಜಾರು ಹಿಡಿದು ಇಳಿದೆ. ಮೊದಲ ತಿರುವಿನಲ್ಲಿ ಅಭ್ಯಾಸಬಲದಿಂದ ಪಾದ ಹೊರಳಿಸಿದರೆ ಸ್ಕೀ ಕ್ಷಣ ತಡೆದು ಆಮೇಲೆ ಬಂತು. ಹಳೆಯದರಲ್ಲಿ ನೆನೆದದ್ದೇ ತಿರುವು. ಇದರಲ್ಲಿ ನೆನೆದು, ವಾಲಿ, ಸ್ವಲ್ಪ ಕಾಯಬೇಕು. ಬೂಟಿನ ಮುಂಭಾಗದ ಸೋಲ್ ಅಗಲ 69 ಮಿಲಿಮೀಟರ್ ಆಸುಪಾಸು. 72ರ ಸ್ಕೀಯಲ್ಲಿ ಎಡ್ಜು ಹೆಚ್ಚುಕಡಿಮೆ ಪಾದದ ಅಂಚಿಗೇ ಇರುತ್ತದೆ. 104ರಲ್ಲಿ ಅದು ಎರಡೂ ಬದಿಗೆ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಆಚೆ. ಗಟ್ಟಿ ನೆಲ ಆ ಆಚೆಯ ಅಂಚನ್ನು ಮೇಲಕ್ಕೆ ತಳ್ಳಿದಾಗ ಸ್ಕೀ ಚಪ್ಪಟೆಯಾಗಲು ನೋಡುತ್ತದೆ. ಹಾಗಾಗದಂತೆ ಹಿಡಿದಿಡುವ ಕೆಲಸ ಮೊಣಕಾಲಿನದು. ಹನ್ನೊಂದು ಗಂಟೆಗೆ ಮೊಣಕಾಲಿನ ಒಳಮಗ್ಗುಲು ತನ್ನ ಹಾಜರಿ ಹಾಕಿತು.

ಆಮೇಲೆ ಶುಗರ್‌ಲೋಫ್ ಲಿಫ್ಟಿನ ಕಡೆ ಹೋಗಿ ಡೆವಿಲ್ಸ್ ಎಲ್ಬೊದಲ್ಲಿ ವೇಗ ಬಿಟ್ಟೆ. ಅಲ್ಲಿ ಸ್ಕೀಯ ಸ್ವಭಾವವೇ ಬೇರೆ. ನಿಧಾನದಲ್ಲಿ ಮಾತು ಕೇಳದ್ದು ವೇಗದಲ್ಲಿ ವಿಧೇಯ. ನನ್ನ ಸಪೂರದ್ದು ಅಂಥ ವೇಗಕ್ಕೆ ತುದಿ ಅದುರಿಸತೊಡಗುತ್ತದೆ. ಇದರಲ್ಲಿ ಅದುರು ಬೂಟಿನ ತನಕ ಬರಲೇ ಇಲ್ಲ. ದೊಡ್ಡ ತಿರುವು, ಉದ್ದ ತಿರುವು. ಚಿಕ್ಕ ತಿರುವು ಕೇಳಿದರೆ ಮುಖ ಸಿಂಡರಿಸುತ್ತದೆ. ಕಣಕಾಲಿನ ಮುಂಭಾಗವನ್ನು ಬೂಟಿನ ನಾಲಗೆಗೆ ಒತ್ತಿ ಹಿಡಿದಷ್ಟೂ ಹೊತ್ತು ಸರಿ. ಸ್ವಲ್ಪ ಹಿಂದಕ್ಕೆ ಕೂತರೆ ಬಿಗಿ ಬಾಲ ತನ್ನ ಪಾಡಿಗೆ ನೇರ ಹೊರಟುಬಿಡುತ್ತದೆ, ಸವಾರನನ್ನು ಕೇಳುವುದಿಲ್ಲ.

ಈ ದಿನ ಅಗಲದಿಂದ ಸಿಕ್ಕಿದ್ದು ಮೊಣಕಾಲು ನೋವು, ಬಿಗಿಯಿಂದ ಸಿಕ್ಕಿದ್ದು ವೇಗದಲ್ಲಿ ನೆಮ್ಮದಿ. ರಾತ್ರಿ ತಮ್ಮನಿಗೆ ಹಾಗೇ ಹೇಳಿದೆ. "ಹಿಮ ಬೀಳಲಿ, ಆಮೇಲೆ ಮಾತಾಡು," ಅಂದ. ಕಿಟಕಿಯಾಚೆ ಆಗಲೇ ಗಾಳಿ ಎದ್ದಿತ್ತು.

ಶುಕ್ರವಾರ

ಬೆಳಿಗ್ಗೆ ಎದ್ದಾಗ ಕಣಿವೆಯ ರಸ್ತೆ ಬಂದ್.

ಲಿಟಲ್ ಕಾಟನ್‌ವುಡ್‌ನ 210ನೇ ನಂಬರ್ ರಸ್ತೆಗೆ ಎರಡೂ ಕಡೆ ಕಡಿದಾದ ಇಳಿಜಾರು. ಹಿಮಪಾತ ಜಾರಿ ಬರುವ ದಾರಿಗಳು ಹತ್ತಾರು, ಎಲ್ಲವೂ ರಸ್ತೆಯ ಮೇಲೇ ಬಂದು ಬೀಳುವಂಥವು. ಬಿರುಗಾಳಿ ಬಂದಾಗ ರಸ್ತೆ ಮುಚ್ಚಿ, ಸಡಿಲ ಹಿಮವನ್ನು ಸ್ಫೋಟಿಸಿ ಮೊದಲೇ ಬೀಳಿಸಿ, ಗುಡಿಸಿ, ಆಮೇಲೆ ವಾಹನ ಬಿಡುತ್ತಾರೆ. ದಶಕಗಳ ಕಾಲ ಈ ಕೆಲಸಕ್ಕೆ ಸೈನ್ಯದ ಫಿರಂಗಿಗಳನ್ನೇ ಇಟ್ಟುಕೊಂಡಿದ್ದರು. ಮೇಲೆ ಹೋಟೆಲಿನಲ್ಲಿ ಉಳಿದವರಿಗೆ ಇನ್ನೊಂದು ಕಟ್ಟುಪಾಡು: ಇಂಟರ್‌ಲಾಡ್ಜ್. ಅದು ಜಾರಿಯಾದರೆ ಬಾಗಿಲಾಚೆ ಕಾಲಿಡುವುದೇ ಕಾನೂನುಬಾಹಿರ. 2021ರ ಫೆಬ್ರವರಿಯಲ್ಲಿ ಸುಮಾರು 60 ಗಂಟೆ ಹಾಗೇ ಕೂಡಿಹಾಕಿದ್ದರು. ರಜೆ ಹಾಕಿ, ಸಾವಿರಾರು ಡಾಲರ್ ಕೊಟ್ಟು ಬಂದವರು ಕಿಟಕಿಯಿಂದ ಜೀವಮಾನದ ಪೌಡರ್ ನೋಡುತ್ತ ಕೂರುವುದನ್ನು ನೆನೆದರೆ ನಗಬೇಕೋ ಅಳಬೇಕೋ.

ಇಷ್ಟು ಹಿಮ ಹೇಗೆ ಅನ್ನುವುದಕ್ಕೆ ಇಲ್ಲಿ ಎಲ್ಲರೂ ಗ್ರೇಟ್ ಸಾಲ್ಟ್ ಲೇಕ್ ಕಡೆ ಬೆರಳು ತೋರಿಸುತ್ತಾರೆ. ಸರೋವರದ ಪಾಲು ಇದೆ, ಆದರೆ ದೊಡ್ಡದಲ್ಲ. ಪಶ್ಚಿಮದಿಂದ ಬರುವ ತೇವದ ಗಾಳಿ ವಾಸಾಚ್ ಬೆಟ್ಟಗಳಿಗೆ ತಾಗಿ ಒಮ್ಮೆಲೇ ಮೇಲೇರಿ ತಣಿದು ಸುರಿಸುವುದೇ ಹೆಚ್ಚು. ಆಗುಂಬೆಯ ಮಳೆಗೂ ಇದೇ ಕಾರಣ. ಆಲ್ಟಾದಲ್ಲಿ ವರ್ಷಕ್ಕೆ 500 ಇಂಚು ಮಾಮೂಲು. 2022-23ರ ಸೀಸನ್‌ನಲ್ಲಿ 903 ಇಂಚು, ಅಂದರೆ ಸುಮಾರು 23 ಮೀಟರ್ ಬಿತ್ತು.

ರಸ್ತೆ ತೆರೆದಾಗ ಹನ್ನೊಂದು. ಕಣಿವೆಯ ಬಾಯಿಂದ ಬ್ರೇಕ್ ದೀಪಗಳ ಕೆಂಪು ಸಾಲು, ಊರಿನವರು ಇದಕ್ಕೆ ರೆಡ್ ಸ್ನೇಕ್ ಅನ್ನುತ್ತಾರೆ. ಕಾದ ಹೊತ್ತಿನಲ್ಲಿ ತಮ್ಮ ಲ್ಯಾಪ್‌ಟಾಪ್ ತೆಗೆದು ಒಂದು ಮೀಟಿಂಗ್ ಮುಗಿಸಿದ.

ಈ ದಿನಕ್ಕೆ ಬೇಕೆಂದೇ ಉಲ್ಟಾ ಆಯ್ಕೆ ಮಾಡಿದ್ದೆ: ಅಗಲ 108, ಆದರೆ ಮೆದು. ಲೋಹದ ಹಾಳೆ ಇಲ್ಲ, ತಿರುಳು ಹಗುರ ಮರ, ಮೂತಿಯೂ ಬಾಲವೂ ಮೇಲಕ್ಕೆ ಬಾಗಿದ ರಾಕರ್. ಅಗಲ ಇಟ್ಟುಕೊಂಡು ಬಿಗಿ ತೆಗೆದರೆ ಏನಾಗುತ್ತದೆ ಅಂತ ನೋಡಬೇಕಿತ್ತು.

ಮೇಲೆ ಬೆಳಕೇ ಇಲ್ಲ. ಆಕಾಶ, ನೆಲ, ಗಾಳಿ ಎಲ್ಲ ಒಂದೇ ಬಿಳುಪು. ಎಲ್ಲಿ ಇಳಿಜಾರು ಎಲ್ಲಿ ತಟ್ಟು ಅಂತ ಕಾಲಿಗೆ ತಾಗಿದ ಮೇಲೆಯೇ ಗೊತ್ತು. ಅಂಥ ಹೊತ್ತಿನಲ್ಲಿ ಮರಗಳ ನಡುವೆ ಹೋಗಬೇಕು, ಕಾಂಡಗಳ ಕಪ್ಪು ಕಣ್ಣಿಗೆ ಆಸರೆ. ಸುಪ್ರೀಮ್ ಲಿಫ್ಟಿನ ಪಕ್ಕದ ಕಾಡಿನಲ್ಲಿ ಸುತ್ತಿದೆವು. ಪಾದದಷ್ಟು ಹೊಸ ಹಿಮ, ಇನ್ನೂ ಬೀಳುತ್ತಲೇ ಇತ್ತು. ಈ ಮೆದು ಸ್ಕೀ ಅಲ್ಲಿ ಏನು ಸುಖ! ಕಾಂಡದ ಹತ್ತಿರ ಬಂದ ಮೇಲೆ ಮನಸ್ಸು ಬದಲಿಸಿದರೂ ಬಾಲ ಜಾರಿಸಿ ತಿರುಗುತ್ತದೆ. ಸುಸ್ತಾಗಿ ಹಿಂದಕ್ಕೆ ಕೂತರೂ ಸಹಿಸಿಕೊಳ್ಳುತ್ತದೆ. ನಿನ್ನೆಯದಕ್ಕೆ ಈ ದಾಕ್ಷಿಣ್ಯ ಇಲ್ಲ.

ಮೂರೂವರೆಗೆ ವಾಪಸು ಬರುವ ಅಗಲ ದಾರಿಗೆ ಇಳಿದಾಗ ಅದರ ಇನ್ನೊಂದು ಮುಖ ಕಂಡಿತು. ಸಾವಿರ ಜನ ತುಳಿದು ಗುಡ್ಡೆಗುಡ್ಡೆಯಾದ ಹಿಮ, ಮೇಲೆ ಮಬ್ಬು ಬೆಳಕು. ಮೂತಿಗಳು ಪಟಪಟ ಬಡಿದುಕೊಂಡವು, ಪ್ರತಿ ಗುಡ್ಡೆಗೂ ಸ್ಕೀ ಒಂದೊಂದು ಕಡೆ ಎಳೆಯಿತು. ವೇಗ ಕಡಿಮೆ ಮಾಡಿಕೊಂಡೇ ಬರಬೇಕಾಯಿತು. ತಮ್ಮ ತನ್ನ ಬಿಗಿಯಾದ 106ರಲ್ಲಿ ಅದೇ ದಾರಿಯನ್ನು ಸೀಳಿಕೊಂಡು ಹೋಗಿ ಕಾರಿನ ಹತ್ತಿರ ನಿಂತಿದ್ದ.

ಶನಿವಾರ

ಐದೂವರೆಗೆ ಮನೆ ಬಿಟ್ಟೆವು. ರಾತ್ರಿಯಿಡೀ ಸುರಿದು ನಸುಕಿಗೆ ಆಕಾಶ ತಿಳಿಯಾಗಿತ್ತು. ಹಿಂದಿನ ಸಂಜೆಯೇ ಅಂಗಡಿಯಿಂದ ತಂದಿಟ್ಟಿದ್ದ ಸ್ಕೀ: ಅಗಲ 112, ಉದ್ದ 184, ಟೈಟಾನಲ್ ಎರಡು ಹಾಳೆ. ಇದ್ದದ್ದರಲ್ಲಿ ಅತಿ ದಪ್ಪನೆಯದು. ನನ್ನ ಹೆಗಲ ಮೇಲೆ ಎರಡು ಹಲಗೆ ಹೊತ್ತು ನಡೆವಾಗ ತಮ್ಮನ ಮುಖದಲ್ಲಿ ಗೆದ್ದ ಕಳೆ.

ಇಷ್ಟು ಅಗಲದ ಸ್ಕೀ ಬಂದ ಕತೆ ಹಳೆಯದೇನಲ್ಲ. 1980ರ ದಶಕದ ಕೊನೆಗೆ ಅಟಾಮಿಕ್ ಕಂಪನಿಯ ಎಂಜಿನಿಯರ್ ರೂಪರ್ಟ್ ಹ್ಯೂಬರ್ ಸ್ನೋಬೋರ್ಡೊಂದನ್ನು ಉದ್ದಕ್ಕೆ ಸೀಳಿ ಎರಡು ಸ್ಕೀ ಮಾಡಿಕೊಂಡು ಪ್ರಯೋಗ ನಡೆಸಿದ. ಆಗ ಅದನ್ನು ಕಾಲಿಗೆ ಬಲವಿಲ್ಲದವರ, ವಯಸ್ಸಾದವರ ಸ್ಕೀ ಅಂತ ಗೇಲಿ ಮಾಡಿದವರೇ ಹೆಚ್ಚು. 2002ರಲ್ಲಿ ಶೇನ್ ಮೆಕಾಂಕಿ ಎಂಬ ಸಾಹಸಿ ಸ್ಕೀಯರ್, ವಾಟರ್ ಸ್ಕೀಯ ಆಕಾರ ನೋಡಿ, ನಡುವೆ ಅಗಲ, ತುದಿಗಳೆರಡೂ ಮೇಲಕ್ಕೆ ಬಾಗಿದ ಸ್ಪ್ಯಾಟುಲಾ ಎಂಬ ಸ್ಕೀಯನ್ನು ವೋಲಂಟ್ ಕಂಪನಿಯಿಂದ ಹೊರತಂದ. ಗಟ್ಟಿ ನೆಲದಲ್ಲಿ ಅದು ಕೆಲಸಕ್ಕೆ ಬಾರದು. ಆದರೆ ಇವತ್ತಿನ ಪೌಡರ್ ಸ್ಕೀಗಳ ರಾಕರ್ ಅದರದೇ ಕೊಡುಗೆ. ಮೆಕಾಂಕಿ 2009ರಲ್ಲಿ ಇಟಲಿಯ ಡೋಲೊಮೈಟ್ ಬೆಟ್ಟಗಳಲ್ಲಿ ತೀರಿಕೊಂಡ.

ಕಾಲಿನ್ಸ್ ಲಿಫ್ಟಿನ ಬುಡದಲ್ಲಿ ನಮಗಿಂತ ಮೊದಲೇ ನೂರಾರು ಜನ. ಮೇಲಿಂದ ಸ್ಫೋಟದ ಸದ್ದು ಬಂದಾಗಲೆಲ್ಲ ಸಾಲಿನಲ್ಲಿ ಕೇಕೆ. ಮೈನಸ್ ಹನ್ನೆರಡು ಡಿಗ್ರಿ. ಜೇಬಿನಲ್ಲಿದ್ದ ಕಡಲೆ ಚಿಕ್ಕಿ ಹಲ್ಲಿಗೆ ಬಗ್ಗದಷ್ಟು ಗಟ್ಟಿಯಾಗಿತ್ತು. ತಮ್ಮ ಅದನ್ನು ಕೈಗವಸಿನೊಳಗೆ ಅಂಗೈಗೆ ಒತ್ತಿ ಇಟ್ಟುಕೊಂಡು, ಮೆತ್ತಗಾದ ಅಂಚನ್ನು ಮುರಿದು ನನಗೊಂದು ಚೂರು ಕೊಟ್ಟ. ಬೆಲ್ಲ ಕರಗಿ ಕೈಗವಸಿನ ಒಳಗೆಲ್ಲ ಅಂಟು. ಸಂಜೆ ಮನೆಯಲ್ಲಿ ಬೈಸಿಕೊಂಡ.

ಲಿಫ್ಟ್ ಹತ್ತಿ ಇಳಿದವರೆಲ್ಲ ಹೈ ಟ್ರ್ಯಾವರ್ಸ್ ಹಿಡಿದರು. ಬೆಟ್ಟದ ಮಗ್ಗುಲಿಗೆ ಅಡ್ಡಲಾಗಿ ಹೋಗುವ ಕಾಲುದಾರಿ ಅದು. ಒಬ್ಬರ ಹಿಂದೊಬ್ಬರು, ಒಂದು ಕಾಲು ಮೇಲೆ ಇನ್ನೊಂದು ಕೆಳಗೆ, ನಡುನಡುವೆ ಬಂಡೆ. 112ರ ಅಗಲ ಅಲ್ಲಿ ಶುದ್ಧ ಕಾಟ. ಸಾಲು ದಾಟಿ ವೆಸ್ಟ್ ರಸ್ಲರ್ ಮೇಲ್ಗಡೆ ನಿಂತಾಗ ಎದುರಿಗೆ ಯಾರೂ ಗೀಚದ ಇಳಿಜಾರು.

ಹಿಮ ಹೇಗೆ ಬಿದ್ದಿತ್ತು ಅನ್ನುವುದನ್ನು ಹೇಳಲೇಬೇಕು. ಶುಕ್ರವಾರ ಹಗಲು ತುಸು ಬೆಚ್ಚಗಿದ್ದಾಗ ಬಿದ್ದದ್ದು ತೂಕದ ಹಿಮ, ಅದು ಅಡಿಗೆ. ರಾತ್ರಿ ಚಳಿ ಏರಿದಂತೆ ಬಿದ್ದದ್ದು ಹಗುರ, ಅದು ಮೇಲೆ. ಈ ಕ್ರಮದಲ್ಲಿ ಬಿದ್ದರೆ ಸ್ಕೀ ಹಗುರದಲ್ಲಿ ಇಳಿದು ತೂಕದ್ದರ ಮೇಲೆ ನಿಲ್ಲುತ್ತದೆ. ತಿರುಗುಮುರುಗಾಗಿ ಬಿದ್ದರೆ ಎಷ್ಟು ಅಗಲದ ಸ್ಕೀಯಾದರೂ ಮೂತಿ ಒಳಗೆ ಸಿಕ್ಕಿಕೊಳ್ಳುತ್ತದೆ. ಯೂಟಾದ ಹಿಮ ಜಗತ್ತಿನಲ್ಲೇ ಅತಿ ಹಗುರ ಅನ್ನುವುದು ಜಾಹೀರಾತಿನ ಮಾತು. ಇದಕ್ಕಿಂತ ಹಗುರದ್ದು ಕೊಲರಾಡೊದ ಒಳನಾಡಿನಲ್ಲೇ ಇದೆ. ಇಲ್ಲಿಯ ಗುಟ್ಟು ಈ ಪದರದ ಕ್ರಮದಲ್ಲಿದೆ.

ಇಳಿದೆ. ಎರಡು ತಿರುವಿನ ನಂತರ ಸ್ಕೀ ಮೇಲೆದ್ದು ಬಂತು. ಸಪೂರದ್ದರಲ್ಲಿ ತಿರುವು ಮುಗಿಸಿ ಮೇಲೆ ಜಿಗಿದು ಮುಂದಿನದನ್ನು ಶುರುಮಾಡಬೇಕಿತ್ತು; ಇದರಲ್ಲಿ ಜಿಗಿತ ಬೇಡ, ಹೊಕ್ಕುಳ ಎತ್ತ ತಿರುಗಿತೋ ಸ್ಕೀ ಅತ್ತ. ಎದೆಯ ಮಟ್ಟಕ್ಕೆ ಹಾರುವ ಹಿಮಪುಡಿ, ಕಾಲಡಿಗೆ ಸದ್ದೇ ಇಲ್ಲ. ವೇಗ ಏರುತ್ತ ಹೋದರೂ ಮೂತಿ ಬಗ್ಗಲಿಲ್ಲ. ಕೆಳಗೆ ಬಂದು ನಿಂತಾಗ ತೊಡೆ ತಣ್ಣಗಿತ್ತು. ಇಷ್ಟು ಉದ್ದದ ಪೌಡರ್ ಇಳಿದು ತೊಡೆ ಉರಿಯದಿದ್ದದ್ದು ನನಗೆ ಹೊಸತು.

ಆದರೂ ಒಂದು ಗಮನಿಸಿದೆ. ತೇಲುವುದಕ್ಕೆ ಅಗಲ ಒಂದೇ ಕಾರಣವಲ್ಲ. ಹಿಮದ ಮೇಲೆ ಎತ್ತಿ ಹಿಡಿಯುವ ಬಲ ಸ್ಕೀಯ ವಿಸ್ತೀರ್ಣದಿಂದಲೂ ಬರುತ್ತದೆ, ವೇಗದಿಂದಲೂ ಬರುತ್ತದೆ. ಕಡಿದಾದ ಜಾಗದಲ್ಲಿ ವೇಗ ಪುಕ್ಕಟೆ ಸಿಗುತ್ತದೆ, ಅಲ್ಲಿ ಅಗಲ ಇಷ್ಟು ಬೇಕಿಲ್ಲ. ನಾರ್ವೆಯಿಂದ ಬಂದ ಆಲ್ಫ್ ಎಂಗೆನ್ 1940ರ ದಶಕದಿಂದ ಇದೇ ಇಳಿಜಾರುಗಳಲ್ಲಿ ಪೌಡರ್ ಇಳಿಯುವುದನ್ನು ಜನರಿಗೆ ಕಲಿಸಿದ್ದು ಈಗಿನ ಗ್ರೂಮರ್ ಸ್ಕೀಗಿಂತ ಹೆಚ್ಚು ಅಗಲವಿಲ್ಲದ ಮರದ ಸ್ಕೀಗಳಲ್ಲಿ. 112 ನಿಜವಾಗಿ ಉಪಕಾರಕ್ಕೆ ಬಂದದ್ದು ಮಧ್ಯಾಹ್ನ, ಆಲ್ಬಿಯನ್ ಕಡೆಯ ಸಪಾಟು ಇಳಿಜಾರಿನಲ್ಲಿ. ಅಲ್ಲಿ ಕಡಿಮೆ ಅಗಲದವರು ನಿಂತು ಕೋಲಿನಲ್ಲಿ ತಳ್ಳಿಕೊಳ್ಳುತ್ತಿದ್ದರು, ನಾನು ಜಾರಿಕೊಂಡು ಹೋದೆ.

ಹನ್ನೊಂದೂವರೆಗೆಲ್ಲ ಗೀಚದ ಹಿಮ ಮುಗಿದಿತ್ತು. ಪೌಡರ್ ದಿನದ ಪೌಡರ್ ಎರಡು ಗಂಟೆಯ ಮಾಲು. ಉಳಿದ ದಿನವೆಲ್ಲ ಅದರ ಚಿಂದಿಯ ಮೇಲೆ ಓಡಾಟ. ಯಾವ ಅಂಗಡಿಯವರೂ ಇದನ್ನು ಹೇಳುವುದಿಲ್ಲ.

ಭಾನುವಾರ

ಪಕ್ಕದ ಸ್ನೋಬರ್ಡ್‌ಗೆ ಹೋದೆವು. 1971ರಲ್ಲಿ ಶುರುವಾದ ಜಾಗ, ಏಳು ಖಂಡಗಳ ಅತ್ಯುನ್ನತ ಶಿಖರಗಳನ್ನೆಲ್ಲ ಮೊದಲು ಹತ್ತಿದ ಡಿಕ್ ಬಾಸ್ ಇದರ ಸ್ಥಾಪಕರಲ್ಲೊಬ್ಬ. ಟ್ರ್ಯಾಮ್ ಎಂಬ ಕೇಬಲ್ ಕಾರು ಒಂದೇ ಸಲಕ್ಕೆ 2,900 ಅಡಿ ಏರಿಸಿ 11,000 ಅಡಿಯ ಹಿಡನ್ ಪೀಕ್‌ನಲ್ಲಿ ಬಿಡುತ್ತದೆ. ಒಳಗೆ ಜನ ಒತ್ತೊತ್ತಾಗಿ ನಿಂತಿದ್ದರು. ಎಲ್ಲರ ಸ್ಕೀಯ ಅಗಲ ಅಳೆಯುವುದೇ ನನ್ನ ಕೆಲಸವಾಗಿಬಿಟ್ಟಿತ್ತು. ನೂರಕ್ಕಿಂತ ಕಡಿಮೆಯದು ಹುಡುಕಿದರೂ ವಿರಳ.

ರೆಗ್ಯುಲೇಟರ್ ಜಾನ್ಸನ್ ಎಂಬ ಅಗಲ ಇಳಿಜಾರು ಶನಿವಾರವಿಡೀ ಜನ ಓಡಾಡಿ ಕೋಣ ಕಟ್ಟಿ ಉತ್ತ ಗದ್ದೆಯಾಗಿತ್ತು. ಒಂದು ಕಡೆ ಮೆತ್ತನೆ ಗುಪ್ಪೆ, ಅದರ ಪಕ್ಕ ಉಜ್ಜಿ ಗಟ್ಟಿಯಾದ ತಳ, ಮತ್ತೆ ಗುಪ್ಪೆ. ಇದನ್ನು ಚಾಪ್ ಅನ್ನುತ್ತಾರೆ. ಪ್ರವಾಸಿಗಳಾದ ನಮ್ಮಂಥವರು ಹೆಚ್ಚಿನ ಹೊತ್ತು ಸ್ಕೀ ಮಾಡುವುದು ಇಂಥದ್ದರಲ್ಲೇ. 112 ಇಲ್ಲಿ ಅಮೋಘ. ಗುಪ್ಪೆಗೆ ತಾಗಿದಾಗ ಮೂತಿ ಪಕ್ಕಕ್ಕೆ ಸರಿಯುವುದಿಲ್ಲ, ಬಗ್ಗಿ ಪುಟಿಯುವುದಿಲ್ಲ, ಸೀಳಿಕೊಂಡು ಹೋಗುತ್ತದೆ. ಶುಕ್ರವಾರದ ಮೆದು 108 ಇಂಥದೇ ಹಿಮದಲ್ಲಿ ನನ್ನನ್ನು ಗಿರಗಿರ ಆಡಿಸಿತ್ತು. ಅಗಲದಲ್ಲಿ ಎರಡಕ್ಕೂ ಇರುವ ಅಂತರ ನಾಲ್ಕೇ ಮಿಲಿಮೀಟರ್. ಹಾಗಾದರೆ ಈ ಗುಣ ಅಗಲದ್ದಲ್ಲ, ಲೋಹದ್ದು, ತೂಕದ್ದು.

ಅದನ್ನು ಖಚಿತ ಮಾಡಿಕೊಳ್ಳುವ ಮೊದಲು ಮೊಗಲ್‌ಗಳು ಎದುರಾದವು. ಕೆಳಗಿನ ಕಿರಿದಾದ ಕಣಿವೆಯಲ್ಲಿ ಸೊಂಟದೆತ್ತರದ ಗುಡ್ಡೆಗಳ ಸಾಲು. ಅಲ್ಲಿ ಪ್ರತಿ ಗುಡ್ಡೆಗೂ ಒಂದು ತಿರುವು, ಸೆಕೆಂಡಿಗೊಂದು ತಿರುವು. 184 ಸೆಂಟಿಮೀಟರಿನ ಬಿಗಿ ಹಲಗೆ ಆ ಹಳ್ಳಗಳಲ್ಲಿ ಕೂರುವುದೇ ಇಲ್ಲ. ಮೂತಿ ಒಂದು ಗುಡ್ಡೆಗೆ ಒತ್ತಿದರೆ ಬಾಲ ಹಿಂದಿನದಕ್ಕೆ. ಎರಡು ಸ್ಕೀಗಳನ್ನು ಒಟ್ಟಿಗೆ ಇಟ್ಟುಕೊಂಡರೆ ಅಗಲದಿಂದ ಒಂದರ ಮೇಲೊಂದು ಏರುತ್ತವೆ. ಬೆವರಿಳಿಯಿತು. ತಮ್ಮ ಕೆಳಗಿಂದ ಕೂಗಿದ, "ಅಣ್ಣಾ, ಅಲ್ಲೇ ಮನೆ ಮಾಡ್ತೀಯೋ ಹೆಂಗೆ?"

ಊಟದ ಹೊತ್ತಿಗೆ ಅಲ್ಲಿಯ ಡೆಮೊ ಅಂಗಡಿಯಲ್ಲಿ ಬದಲಿಸಿಕೊಂಡೆ. 98 ಮಿಲಿಮೀಟರ್, 177 ಸೆಂಟಿಮೀಟರ್, ಟೈಟಾನಲ್ ಎರಡು ಹಾಳೆ. ಅಂದರೆ ಬಿಗಿ ಅಷ್ಟೇ, ಅಗಲ ಹದಿನಾಲ್ಕು ಮಿಲಿಮೀಟರ್ ಕಮ್ಮಿ. ಅದೇ ರೆಗ್ಯುಲೇಟರ್ ಜಾನ್ಸನ್, ಅದೇ ಚಾಪ್. ಸ್ವಲ್ಪ ಆಳಕ್ಕೆ ಇಳಿಯಿತು, ಅಷ್ಟೇ. ಸೀಳುವುದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಆಮೇಲೆ ಪೆರುವಿಯನ್ ಸುರಂಗದ ಚಲಿಸುವ ಪಟ್ಟಿಯ ಮೇಲೆ ನಿಂತು ಬೆಟ್ಟದ ಹೊಟ್ಟೆಯೊಳಗಿಂದ ಆಚೆ ಹೋಗಿ ಮಿನರಲ್ ಬೇಸಿನ್‌ನಲ್ಲಿ ಸಂಜೆ ತನಕ ಆಡಿದೆವು. ದಕ್ಷಿಣಕ್ಕೆ ಮುಖ ಮಾಡಿದ ಇಳಿಜಾರುಗಳಲ್ಲಿ ಬಿಸಿಲಿಗೆ ಹಿಮ ತೇವವಾಗಿ ಭಾರವಾಗಿತ್ತು. ಅಂಥ ಅಂಟು ಹಿಮದಲ್ಲಿ ಬಿಗಿ ಸ್ಕೀಯ ಬೆಲೆ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಮೊಗಲ್‌ಗಳಲ್ಲೂ ಹೋದೆ. ಸುಲಭ ಅನ್ನಲಾರೆ, ಆದರೆ ಮಾನ ಉಳಿಯಿತು.

ಸೋಮವಾರ

ವಿಮಾನ ರಾತ್ರಿ. ಬೆಳಿಗ್ಗೆ ಆಲ್ಟಾ, 98 ಇನ್ನೂ ನನ್ನ ಕೈಯಲ್ಲೇ. ಭಾನುವಾರದ ಬಿಸಿಲಿಗೆ ಕರಗಿದ್ದು ರಾತ್ರಿ ಹೆಪ್ಪುಗಟ್ಟಿ, ಗ್ರೂಮರ್ ಬಿಟ್ಟರೆ ಉಳಿದ ಕಡೆಯೆಲ್ಲ ಕರಕರ. ಗುರುವಾರದ ಮ್ಯಾಂಬೊ ಮೇಲೆಯೇ ಹೋದೆ. 72ರ ಚುರುಕು ಇದಕ್ಕಿಲ್ಲ, ಬರುವುದೂ ಇಲ್ಲ. ಆದರೆ 104ರಲ್ಲಿ ಕಾಯಬೇಕಾಗಿದ್ದ ಹೊತ್ತು ಇದರಲ್ಲಿ ಅರ್ಧಕ್ಕರ್ಧ ಇಳಿದಿತ್ತು. ಇಷ್ಟು ದಿನದಲ್ಲಿ ನಾನೂ ಹೊಂದಿಕೊಂಡಿದ್ದೆ: ಪಾದದಿಂದ ತಿರುಗಿಸುವುದು ಬಿಟ್ಟು ಸೊಂಟವನ್ನು ಮೊದಲೇ ಒಳಕ್ಕೆ ಬಿಟ್ಟರೆ ಎಡ್ಜು ತಾನಾಗಿ ಕಚ್ಚುತ್ತದೆ. ಮಧ್ಯಾಹ್ನದವರೆಗೂ ಮೊಣಕಾಲು ತಕರಾರು ಎತ್ತಲಿಲ್ಲ. ಉತ್ತರಕ್ಕೆ ಮುಖ ಮಾಡಿದ ಈಗಲ್ಸ್ ನೆಸ್ಟ್‌ನ ಮರಗಳ ಸಂದಿಯಲ್ಲಿ ಶನಿವಾರದ ಒಣ ಹಿಮ ಇನ್ನೂ ಉಳಿದಿತ್ತು, ಮೊಣಕಾಲಿನ ಮಟ್ಟಕ್ಕೆ. ಕಡಿದಾದ ಜಾಗ, ವೇಗ ಇತ್ತು, 98 ತೇಲಿತು.

ಎರಡು ಗಂಟೆಗೆ ಸ್ಯಾಂಡಿಯ ಅಂಗಡಿಗೆ ಹೋಗಿ ಅದೇ ಸ್ಕೀಯ ಹೊಸ ಜೋಡಿ ಕೇಳಿದೆ. ಅಲ್ಲಿ ಕಟ್ಟಿದ್ದ ಡೆಮೊ ಬಾಡಿಗೆಯನ್ನು ಬೆಲೆಯಲ್ಲಿ ಕಳೆದುಕೊಟ್ಟರು. ಬೈಂಡಿಂಗ್ ಎಲ್ಲಿ ಕೂರಿಸಲಿ ಅಂತ ಕೇಳಿದರು. ಕಂಪನಿ ಗುರುತು ಹಾಕಿದ ಗೆರೆಯ ಮೇಲೇ ಅಂದೆ. ಕೆಲವರು ಚುರುಕಾಗಲಿ ಅಂತ ಒಂದು ಸೆಂಟಿಮೀಟರ್ ಮುಂದಕ್ಕೆ ಕೂರಿಸುತ್ತಾರೆ. ಹಾಗೆ ಮಾಡಿದರೆ ಬಾಲ ಇನ್ನೂ ಉದ್ದವಾಗುತ್ತದೆ, ಬಿಗಿ ಬಾಲದ ರುಚಿ ಮೊಗಲ್‌ನಲ್ಲಿ ನೋಡಿಯಾಗಿತ್ತು. ಬ್ರೇಕಿನ ಅಗಲ ನೂರು ಮಿಲಿಮೀಟರಿನದೇ ಹಾಕಿ ಅಂತಲೂ ಹೇಳಿದೆ. 115ರದ್ದು ಹಾಕಿದರೆ ತೋಳುಗಳು ಆಚೆ ಚಾಚಿಕೊಂಡು ವಾಲಿದಾಗ ಹಿಮಕ್ಕೆ ಉಜ್ಜುತ್ತವೆ.

ತಮ್ಮನಿಗೆ ಸ್ವಲ್ಪ ಬೇಜಾರಾಯಿತು. "ಶನಿವಾರ ಅಷ್ಟು ಖುಷಿಪಟ್ಟೆ, 112 ಬಿಟ್ಟು ಇದನ್ನ ತಗೊಂಡ್ಯಲ್ಲ ಅಣ್ಣಾ."

"ಆ ಎರಡು ಗಂಟೆ ನಿನಗೆ ವರ್ಷಕ್ಕೆ ಇಪ್ಪತ್ತು ಸಲ ಸಿಗುತ್ತೆ, ನೀನು ತಗೋ," ಅಂದೆ. "ನಾನು ಟಿಕೆಟ್ ಮಾಡಿಸೋದು ಮೂರು ತಿಂಗಳ ಮೊದಲು. ಹಿಮ ಯಾವತ್ತು ಬೀಳುತ್ತೆ ಅಂತ ಯಾರಿಗ್ಗೊತ್ತು? ಸಿಕ್ಕಿದ್ದರಲ್ಲಿ ಇಳೀಬೇಕು."

"ಮತ್ತೆ ನಿಂದು ಆ 72?"

"ಬಕ್ ಹಿಲ್‌ಗೆ ಅದೇ. ಬುಧವಾರ ಸಂಜೆ ಹೋಗ್ತೀನಿ."

ಹೊಸ ಸ್ಕೀ ವಿಮಾನದಲ್ಲಿ ಒಯ್ಯಲು ಚೀಲ ಇರಲಿಲ್ಲ. ಅವನ ಹಳೆಯ ಚೀಲಕ್ಕೆ ತುಂಬಿ, ಸಂದಿಗೆ ಜಾಕೆಟು, ಕೈಗವಸು, ನಾದಿನಿ ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬ ತುರುಕಿ ತೂಕ ಹಾಕಿದೆವು. 50 ಪೌಂಡಿಗೆ ಒಂದು ಪೌಂಡು ಕಮ್ಮಿ.